ತೊಟ್ಟು, ತೊಟ್ಟಿ

ಹೊಳೆಯುವ ಫರ್ಮೆಂಟರ್ ಸಿಗುತ್ತದೆಂದು ಬಂದವಳಿಗೆ
ಬ್ಯಾಡಗಿಯ ಈ ಕಾರ್ಖಾನೆ ಕೊಟ್ಟದ್ದು
ಹಿತ್ತಲ ಗೋಡೆಗೆ ಹತ್ತಿದ ಕೊಳೆನೀರ ತೊಟ್ಟಿ,
ಒಂದು ಹಳದಿ ಹೆಲ್ಮೆಟ್, ಆರು ತಿಂಗಳು.

ಮೆಣಸಿನಕಾಯಿಯ ಬಣ್ಣ ಹಿಂಡಿ ಡ್ರಮ್ಮು ತುಂಬಿ
ಹಡಗು ಹತ್ತಿಸಿದ ಮೇಲೆ ಉಳಿದ ನೀರು ನನ್ನದು.
ಅದರೊಳಗಿನ ಕಣ್ಣಿಗೆ ಕಾಣದ ಸಂಸಾರವೂ ನನ್ನದೇ:
ಮುಂಜಾನೆ ಎರಡು ಪೆಂಟಿ ಬೆಲ್ಲ, ಬುಟ್ಟಿ ಸೆಗಣಿ,
ಹಿಡಿ ಯೂರಿಯಾ, ರಾತ್ರಿಯಿಡೀ ಗಾಳಿ.
"ಹುಳಕ್ಕ ಊಟ ಆತೇನ್ರೀ ಮೇಡಂ?"
ಗೇಟು ಕಾಯುವ ರಾಜೇಸಾಬ ದಿನಾ ಕೇಳುತ್ತಾನೆ.

ಹತ್ತು ದಿನ ಚೆನ್ನಾಗಿಯೇ ಇರುತ್ತವೆ.
ಅಳತೆಗಾಜಿನಲ್ಲಿ ಕಂದು ಮುದ್ದೆ ಮೆತ್ತಗೆ ತಳಕ್ಕಿಳಿಯುತ್ತದೆ,
ಉತ್ತ ಹೊಲದ ವಾಸನೆ.
ಆಮೇಲೊಂದು ಬೆಳಗ್ಗೆ ಬಿಳಿ ನೊರೆ,
ಸತ್ತು ತೇಲುವ ಬೂದಿ ಪದರ.
ಪಿಎಚ್ ನೋಡಿದೆ, ಆಮ್ಲಜನಕ ನೋಡಿದೆ.
ಹುಬ್ಬಳ್ಳಿಯಿಂದ ಗೈಡು ಫೋನಿನಲ್ಲಿ "ಲೋಡು, ಲೋಡು" ಎಂದರು.
ಲೋಡು ಅಷ್ಟೇ ಇತ್ತು.

ಕೆಂಪು ರಾಶಿಯ ಬದಿಗೆ
ತೊಟ್ಟು ಮುರಿಯುವ ಹೆಂಗಸರ ಸಾಲು.
ಒಂದು ಮಧ್ಯಾಹ್ನ ಗದಿಗೆವ್ವ
ಎರಡೂ ಕೈ ಮಜ್ಜಿಗೆಯಲ್ಲಿ ಅದ್ದಿ ಕೂತಿದ್ದಳು.
"ನಮ್ಮೂರ ಕಾಯಿ ಬಣ್ಣದ್ದವ್ವಾ, ಬೈಯೂದಿಲ್ಲ.
ಗುಂಟೂರಿನ ಲಾರಿ ಬಂದ ದಿನ ನೋಡು,
ರಾತ್ರಿ ತೊಟ್ಟಿಲದಾಗಿನ ಕೂಸನ್ನ ಮುಟ್ಟಂಗಿಲ್ಲ,
ಮಾರಿ ಒರಸಂಗಿಲ್ಲ, ಅಳಕೋಂತ ಮಲಗತೈತಿ."

ರಾಜೇಸಾಬನ ಗೇಟಿನ ವಹಿ ಕೇಳಿ ತಂದೆ.
ಲಾರಿ ಒಂದು ಕಾಲಮ್ಮು, ಸತ್ತ ತೊಟ್ಟಿ ಒಂದು ಕಾಲಮ್ಮು,
ನಡುವೆ, ಪೆನ್ಸಿಲಿನಲ್ಲಿ,
ಸಂತೆ, ಅಮಾವಾಸ್ಯೆ ಹಿಡಿದು ಅವಳು ಎಣಿಸಿ ಹೇಳಿದ ಕೈ.
ಲಾರಿ ಬಂದ ದಿನ ಕೈ. ಮರುದಿನ ತೊಟ್ಟಿ.
ಎಂಟರಲ್ಲಿ ಏಳು ಸಲ.
ಎಂಟನೆಯದು ಭಾನುವಾರ, ಕರೆಂಟು ಹೋಗಿತ್ತು.

ಖಾರವನ್ನು ತಡೆದು, ಕೂಡಿಟ್ಟು, ಚೂರು ಚೂರೇ ಬಿಡಬೇಕು,
ಹೊರಗಿನವರಿಗೆ ಈ ಸೀಮೆಯ ರಂಜಕ ಒಗ್ಗಿಸುವ ಹಾಗೆ.
ಮೂಲೆಗೆ ಬಿದ್ದ ಹಳೆಯ ಟ್ಯಾಂಕು ತೊಳೆದು ಜೋಡಿಸಿದರು,
ಇಪ್ಪತ್ತು ಸಾವಿರ ಲೀಟರು.
ಮ್ಯಾನೇಜರ್ ಹಿರೇಗೌಡ್ರ ಕೈ ಕುಲುಕಿದರು.
ಹುಳಗಳು ಈಗ ದಪ್ಪಗೆ, ನಿಶ್ಚಿಂತೆಯಿಂದ ಮುಳುಗುತ್ತವೆ.

ನಡುವಿನ ಕಾಲಮ್ಮು ತೆಗೆ ಎಂದರು ಗೈಡು.
"ಅದಕ್ಕೆ ಯುನಿಟ್ ಏನಮ್ಮ?"
ಗೊತ್ತಿರಲಿಲ್ಲ. ತೆಗೆದೆ.
ಕೊನೆಯ ಪುಟದಲ್ಲಿ ಕೈಗವಸಿನ ಮಾತು ಎರಡು ಸಾಲು ಇತ್ತು;
ಪಕ್ಕದಲ್ಲಿ ಕೆಂಪು ಶಾಯಿ: ವ್ಯಾಪ್ತಿಗೆ ಬರುವುದಿಲ್ಲ.

ವೈವಾ ಮುಗಿದು, ಸರ್ಟಿಫಿಕೇಟಿಗೆ ಹೋದ ದಿನ
ಗೇಟಿನಲ್ಲಿ ಲಾರಿ ನಿಂತಿತ್ತು.
ನಂಬರು ಓದಿದೆ, ರೂಢಿ.
ತೊಟ್ಟಿ ತಡೆದುಕೊಳ್ಳುತ್ತದೆ.
ರಾಶಿಯ ಕಡೆಗೆ ಗದಿಗೆವ್ವ ನಡೆಯುತ್ತಿದ್ದಳು,
ಬಗಲಲ್ಲಿ ಮಜ್ಜಿಗೆಯ ತಂಬಿಗೆ.