ಸಾವಿರಕ್ಕೆ ಎರಡು ಕಮ್ಮಿ

ಜಜ್ಜಿದ ಕಾರುಗಳ ಫೋಟೊ ತೆಗೆದು
ನಷ್ಟ ಎಷ್ಟೆಂದು ಬರೆಯುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷ. ಮುಳಬಾಗಿಲಿನಿಂದ ನರಸಾಪುರದವರೆಗೆ
ಯಾವ ತಿರುವು ಯಾವ ಬಾಗಿಲನ್ನು ತಿನ್ನುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ.
ಆದರೆ ಮೋನಿಷಾ ಹೊಸ ಲೈಸೆನ್ಸನ್ನು ತಟ್ಟೆಯ ಪಕ್ಕಕ್ಕಿಟ್ಟು
"ಅಪ್ಪಾ, ಕೆಂಪು ಬಣ್ಣದ್ದು" ಅಂದ ರಾತ್ರಿ
ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯದೆ ಉಂಡೆ.

ಬಂಗಾರಪೇಟೆಯ ಕಾಲೇಜು, ಎಂಟಕ್ಕೆ ಲ್ಯಾಬು,
ಏಳೂಕಾಲಿನ ಬಸ್ಸು ತುಂಬಿ ಬಂದು ನಿಲ್ಲದೇ ಹೋಗುತ್ತದೆ.
ಇದು ಅವಳ ವಾದ. ಸರಿಯಾದ ವಾದವೇ.
ನನ್ನದು ಒಂದು ಹಾಳೆ:
ಸಾವಿರ ಸಿಸಿಯೊಳಗಿರಬೇಕು, ಥರ್ಡ್ ಪಾರ್ಟಿ ಕಮ್ಮಿ ಬೀಳುತ್ತೆ.
ಹಳೇದಿರಬೇಕು, ಕಾರಿನ ಬೆಲೆ ಇಳಿದಷ್ಟೂ ಪ್ರೀಮಿಯಂ ಇಳಿಯುತ್ತೆ.
ತೀರಾ ಹಳೇದು ಬೇಡ, ನಾಳೆ ಕ್ಲೇಮಿನಲ್ಲಿ ಏನೂ ಹುಟ್ಟುವುದಿಲ್ಲ.
ಗ್ಯಾಸ್ ಕಿಟ್ ಬೇಡ, ಅದಕ್ಕೆ ಬೇರೆ ಕಟ್ಟಬೇಕು.
ಬಿಳಿಯಾದರೆ ಒಳ್ಳೇದು.
"ಬಿಳಿಗೆ ಇನ್ಶೂರೆನ್ಸ್ ಕಮ್ಮಿಯಾ?"
ಇಲ್ಲ. ಕತ್ತಲಲ್ಲಿ ಟೊಮೆಟೊ ಲಾರಿಯವನಿಗೆ ಕಾಣುತ್ತೆ.

ಗಾಜಲದಿನ್ನೆಯ ಸೊಣ್ಣಪ್ಪನ ಹುಣಸೆಮರದಡಿ ಹನ್ನೊಂದು ಕಾರು.
ಹಲ್ಲು ಬಿಡಿಸಿ ಎತ್ತು ತೋರಿಸುವವರ ಹಾಗೆ
ಬಾನೆಟ್ಟು ಎತ್ತೆತ್ತಿ ತೋರಿಸಿದ.
"ಸಿಂಗಲ್ ಓನರ್ ಸಾರ್, ಡಾಕ್ಟರಮ್ಮ ಓಡಿಸಿದ್ದು."
ಹನ್ನೊಂದನ್ನೂ ಡಾಕ್ಟರಮ್ಮನೇ ಓಡಿಸಿದ್ದರು.

ಏಳನೆಯದು ಕೆಂಪು.
ಮೋನಿಷಾ ಆಗಲೇ ಒಳಗೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಾಳೆ.
ನಾನು ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು
ಒಳಗೆ ಬೆರಳಾಡಿಸಿದೆ.
ಬಣ್ಣದ ಕೆಳಗೆ ವೆಲ್ಡಿಂಗಿನ ಗಂಟು.
ಚಾಸಿಸ್ ನಂಬರಿನ ಕೊನೆಯ ನಾಲ್ಕು ಅಂಕಿ ನನಗೆ ಬಾಯಿಪಾಠ.
ಆಗ ಇದಕ್ಕೆ ಬೂದು ಬಣ್ಣ. ವಡಗೂರಿನಾಚೆ,
ಮುಂಭಾಗ ಇರಲೇ ಇಲ್ಲ.
ಟೋಟಲ್ ಲಾಸ್ ಅಂತ ಬರೆದದ್ದು ಇದೇ ಕೈ.
ಡಿಕ್ಕಿ ತೆಗೆದರೆ ಶ್ರೀನಿವಾಸಪುರದ ಮಾವು, ಎರಡು ಬಾಕ್ಸು,
ಹುಲ್ಲಿನಲ್ಲಿ ಮಲಗಿದ್ದವು, ಒಂದೂ ಜಜ್ಜಿರಲಿಲ್ಲ.
ಡಿಕ್ಕಿ.
ಹೊಡೆಯುವುದಕ್ಕೂ ಅದೇ ಮಾತು,
ಸಾಮಾನಿಡುವ ಜಾಗಕ್ಕೂ ಅದೇ. ಯಾರಿಟ್ಟರೋ.

"ಇಳಿಯಮ್ಮ."
"ಯಾಕೆ?"
"ಇಂಜಿನ್ ದೊಡ್ಡದು."
ಫೋನಿನಲ್ಲಿ ಹುಡುಕಿಯೇ ಬಿಟ್ಟಳು:
"ಒಂಬೈನೂರ ತೊಂಬತ್ತೆಂಟು. ಸಾವಿರಕ್ಕೆ ಎರಡು ಕಮ್ಮಿ ಅಪ್ಪಾ,
ನಿನ್ನ ಹಾಳೆಗೆ ಸರಿಯಾಗಿ ಕೂರುತ್ತೆ."
ಕೂರುತ್ತೆ. ನಿಜ.
ಅವಳ ಕೈ ಹಿಡಿದು ಆ ಗಂಟಿನ ಮೇಲಿಟ್ಟೆ.
ತುಸು ಹೊತ್ತು ತೆಗೆಯಲಿಲ್ಲ.
"ಒಳಗಿದ್ದವರು?"
"ಮಾವು ಉಳೀತು" ಅಂದೆ.

ಕೊನೆಗೆ ಮನೆಗೆ ಬಂದದ್ದು ಬೆಳ್ಳಿ ಬಣ್ಣದ್ದು,
ಒಂಬತ್ತು ವರ್ಷದ್ದು, ಏಳುನೂರ ತೊಂಬತ್ತಾರು ಸಿಸಿ,
ಎಡಬಾಗಿಲಿಗೆ ಯಾರದೋ ಗೇಟು ಗೀಚಿದ ಪ್ರಾಮಾಣಿಕ ಗೆರೆ.
ನನ್ನ ಹೆಸರಿಗಾದರೆ ಬೋನಸ್ ಇದೆ,
ಮಾರಿದ ವ್ಯಾನಿನದು, ಐದು ವರ್ಷ ಕ್ಲೇಮಿಲ್ಲದ್ದು, ಅರ್ಧ ಉಳಿಯುತ್ತೆ.
ಅವಳ ಹೆಸರಿಗೆ ಸೊನ್ನೆಯಿಂದ.
ಅಪ್ಪನ ಬೋನಸ್ಸು ಮಗಳಿಗೆ ಬರಬೇಕಾದರೆ
ಅಪ್ಪ ಸತ್ತಿರಬೇಕು. ನಿಯಮ.
"ಹಂಗಾದ್ರೆ ಸೊನ್ನೆಯಿಂದಲೇ" ಅಂದಳು,
ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು.

ಫಾರಮ್ಮಿಗೆ ಇಂಜಿನ್ನಿನ ನಂಬರು ಬೇಕು,
ತಯಾರಾದ ವರ್ಷ ಬೇಕು.
ಓಡಿಸುವವಳ ವಯಸ್ಸಿಗೆಂದು ಖಾನೆಯಿಲ್ಲ.
ಇಷ್ಟು ವರ್ಷ ನೋಡಿದ ಫಾರಮ್ಮು,
ಆ ಖಾನೆಗಾಗಿ ಹುಡುಕಿದ್ದು ಇದೇ ಮೊದಲು.
ಕೆಳಗೆ, ಸಣ್ಣಕ್ಷರದಲ್ಲಿ: ಮಾಲೀಕರಿಗೆ ಏನಾದರೂ ಆದರೆ,
ನಾಮಿನಿ.
ತಡವರಿಸದೆ ನನ್ನ ಹೆಸರು ಬರೆದಳು. ಸಂಬಂಧ: ತಂದೆ.
ಅಲ್ಲಿ ಮಾತ್ರ ವಯಸ್ಸು ಕೇಳುತ್ತಾರೆ.
"ಐವತ್ತೊಂದಾ, ಐವತ್ತೆರಡಾ?"

ಹೇಳಿ ಹೊರಗೆ ಬಂದೆ.
ಗಾಳಿ ಸರಿಯಿದೆಯೇ ಎಂದು ನಾಲ್ಕೂ ಟೈರು ಒದ್ದು ನೋಡಿದೆ.
ಸ್ಟೆಪ್ನಿಯನ್ನೂ ನೋಡಬೇಕಿತ್ತು.
ಡಿಕ್ಕಿ ತೆಗೆಯಲಿಲ್ಲ.