ನಾಲ್ಕನೆಯ ಅಂಶದ ಕೆಳಗೆ

ಸಂಚಿಕೆಯವರು ಕೇಳಿದ್ದು ಎಂಟೇ ಪುಟ,
ಶಿಡ್ಲಘಟ್ಟದ ರೇಷ್ಮೆ ಅಂತ.
ಮೊದಲೊಂದು ರೂಪುರೇಷೆ ಕಳಿಸಿಬಿಡಿ ಮೇಡಂ,
ಆಮೇಲೆ ನೋಡೋಣ.

ಹಾಳೆಯ ಎಡಕ್ಕೆ ಗೆರೆ ಎಳೆದು ಬರೆದೆ:
ಒಂದು, ಪೀಠಿಕೆ. ಎರಡು, ಗೂಡು ಬಂದ ದಾರಿ.
ಮೂರು, ಮಾರುಕಟ್ಟೆ. ನಾಲ್ಕು, ಬಿಚ್ಚಾಣಿಕೆ.
ಐದು, ಉಪಸಂಹಾರ.
ಐದು ಮೊಳೆ ಹೊಡೆದಾದ ಮೇಲೆ
ಅಂಗಿ ನೇತುಹಾಕುವುದೇನು ಮಹಾ, ಅಂದುಕೊಂಡೆ.

ಟಿಪ್ಪಣಿಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು,
ಹರಾಜಿನ ಲಾಟ್ ಚೀಟಿಗಳ ಬೆನ್ನಿಗೆ ಬರೆದವು.
ಒಂದೊಂದರ ಮೂಲೆಯಲ್ಲೂ ಯಾರು, ಎಲ್ಲಿ, ಯಾವತ್ತು.
ಅದು ಅಪ್ಪನ ಪಾಠ. ಮಾರುಕಟ್ಟೆಯಲ್ಲಿ ತೂಕ ಬರೆಯುತ್ತಿದ್ದವರು,
ಹೆಸರಿಲ್ಲದ ತೂಕ ತೂಕವೇ ಅಲ್ಲ ಅನ್ನುತ್ತಿದ್ದರು.

ಫ್ಯಾನು ಆರಿಸಿ ನೆಲದ ಮೇಲೆ ಹರಡಿ ಕೂತೆ.
ಮೂರರ ಕೆಳಗೆ ರಾಶಿ. ಎರಡರ ಕೆಳಗೆ ಸಾಕಷ್ಟು.
ಗೋದಾಮಿನ ಗೋಡೆ ಮಳೆಗೆ ಕುಸಿದದ್ದು
ತನ್ನ ಮದುವೆಯ ವರ್ಷ ಅಂತ ಪಿಳ್ಳಪ್ಪ;
ಅಲ್ಲ, ತನ್ನ ಎರಡನೇ ಮಗ ಹುಟ್ಟಿದ ವರ್ಷ ಅಂತ ಬಾಷಾ ಸಾಬರು.
ನಡುವೆ ಏಳು ವರ್ಷ. ಇಬ್ಬರೂ ಲೆಕ್ಕ ಬಲ್ಲವರು.
ಎರಡನ್ನೂ ಒಂದೇ ಗುಂಡುಪಿನ್ನಿಗೆ ಚುಚ್ಚಿಟ್ಟೆ,
ಜಗಳ ಆಡಿಕೊಳ್ಳಲಿ.

ನಾಲ್ಕರ ಕೆಳಗೆ ಒಂದೇ ಒಂದು ಚೀಟಿ.
ಜೈತೂನ್‌ಬಿ, ಅರವತ್ತು ದಾಟಿದೆ,
ಮಸೀದಿ ಹಿಂದಿನ ಗಲ್ಲಿ, ಬೆಳಿಗ್ಗೆ ಏಳು.
ಅದರ ಕೆಳಗೆ ನನ್ನದೇ ದುಂಡು ಅಕ್ಷರ:
ಬೆಂದ ಗೂಡಿನ ಎಳೆ ಹುಡುಕುವುದು ಬರವಣಿಗೆಯ ಹಾಗೆ.

ಅವತ್ತು ಅದನ್ನು ಓದಿಯೂ ಹೇಳಿದ್ದೆ, ಜಂಬದಿಂದ.
ಕುದಿನೀರಿನಲ್ಲಿ ಬೆರಳಾಡಿಸುತ್ತಲೇ ಕೇಳಿದ್ದಳು:
ಬರೆದ್ರೆ ನಿಂಗೆ ಉಗುರು ಬೆಳ್ಳಗಾಗ್ತದಾ?
ಸಾರನ್ನ ಕಲಸೋವಾಗ ಉರೀತದಾ?
ಹಬೆ, ಹುಳ ಬೆಂದ ನಾತ, ಚರಕದ ಕಿರ್ರು.
ನಾನು ಪೆನ್ನಿಗೆ ಕ್ಯಾಪು ಹಾಕಿದ್ದೆ.
ಆಮೇಲೂ ಅವಳು ಬಹಳ ಹೊತ್ತು ಮಾತಾಡಿದ್ದಳು,
ಏನು ಅಂತ ಈ ಚೀಟಿಯಲ್ಲಿಲ್ಲ.

ಹೋಲಿಕೆಯ ಮೇಲೆ ಗೀಟು ಹಾಕಿ
ಪಕ್ಕದಲ್ಲಿ ಬರೆದೆ: ಗೊತ್ತಿಲ್ಲ. ಕೇಳಬೇಕು.
ಇಷ್ಟು ದಿನದ ಟಿಪ್ಪಣಿಗಳಲ್ಲಿ
ಇದೊಂದೇ ನೆಟ್ಟಗಿರುವುದು.

ಮಾರನೇ ಬೆಳಿಗ್ಗೆ ಹೊಸಿಲ ಮೇಲೆ ಕೂತು ಕೇಳಿದೆ.
ಎಷ್ಟು ಗೂಡಿಗೆ ಒಂದು ನೂಲು, ವಾರಕ್ಕೆ ಎಷ್ಟು ಕೂಲಿ,
ಮುಂಗಡ ತೀರಿಸದೆ ಮನೆ ಬಿಡೋ ಹಾಗಿಲ್ಲ ಅಂದವರು ಯಾರು,
ಬೆರಳ ಸಂದಿಗೆ ಹಚ್ಚುವ ಎಣ್ಣೆ ಯಾವುದು.
ಚೀಟಿಗೆ ನೀರು ಸಿಡಿದು ಕೂಲಿಯ ಅಂಕಿ ಕದಡಿತು;
ಮತ್ತೆ ಕೇಳಿದೆ, ಮತ್ತೆ ಹೇಳಿದಳು, ಬೈದುಕೊಂಡೇ.
ನಾಲ್ಕು ಊದಿ ಮೂರನ್ನು ಒತ್ತಿತು,
ಪೀಠಿಕೆಯನ್ನು ನಾನೇ ಹರಿದೆ.

ಹಾಳೆ ತೋರಿಸಿದಾಗ ಕೇಳಿದಳು,
ಇದ್ರಲ್ಲಿ ನಾನು ಎಷ್ಟನೇ ನಂಬರು?
ನಾಲ್ಕು.
ಐದ್ರಲ್ಲಿ ಏನದೆ?
ಉಪಸಂಹಾರ. ಅಂದರೆ, ಮುಗಿಸೋದು.
ಸೆರಗಿಗೆ ಕೈ ಒರೆಸಿ ಬಾಗಿಲ ಬೆಳಕಿನ ಕಡೆ ನೋಡಿ ಅಂದಳು:
ನಾವು ಮುಗ್ಸೋದು ಆರು ಗಂಟೆಗೆ.
ಅದನ್ನ ಬರ್ಕೋ.