ಮೂರು ಬಡಿತ

ಮರ್ವಿನ್ ತಂದೆಯ ಬೇಕರಿ ಮುಚ್ಚಿ ಹನ್ನೊಂದು ವರ್ಷ.
ಒಲೆಯ ಕೋಣೆಗೆ ಎರಡು ಮೊಳದ ಗೋಡೆ.
ರಾಬರ್ಟ್‌ಸನ್‌ಪೇಟೆಯ ಆಟೋ, ಬಾಂಗು, ಚರ್ಚಿನ ಗಂಟೆ
ಯಾವುದೂ ಒಳಗೆ ಬಾರದು.
ಇಲ್ಲೇ ರೆಕಾರ್ಡಿಂಗ್.
ಆಂಪ್ಲಿಫಯರ್ ಕಾದಂತೆ ಇಟ್ಟಿಗೆ ಸಂದಿಯಿಂದ
ಹಳೇ ಕ್ರಿಸ್‌ಮಸ್ಸಿನ ವೆನಿಲಾ ಮೆಲ್ಲಗೆ ಎದ್ದು
ಎಲ್ಲರಿಗೂ ಹಸಿವಾಗುತ್ತದೆ.

ಬ್ಯಾಂಡಿಗೀಗ ನಲವತ್ತೊಂದು. ಆಲ್ಬಮ್ ಇದು ಎರಡನೆಯದು.
ಮೊದಲನೆಯದು ಕ್ಯಾಸೆಟ್ಟು, ಇನ್ನೂರು ಪ್ರತಿ,
ನೂರ ಎಂಬತ್ತು ನಮ್ಮ ನೆಂಟರ ಮನೆಗಳಲ್ಲೇ
ಬೂಷ್ಟು ಹಿಡಿದವು.

ಫಿಲೋಮಿನಾಗೆ ಕಟ್ಟಿಸಿದ ಹಲ್ಲು.
‘ಸ’ ಬಂದಲ್ಲೆಲ್ಲ ಮೈಕು ಸೀಟಿ ಹೊಡೆಯುತ್ತದೆ.
ಒಂದು ವಾರ ಕೂತು ಪದ ಬದಲಿಸಿದೆವು:
ಸಂಜೆ ಹೋಗಿ ಇಳಿಹೊತ್ತು,
ಸೂರ್ಯ ಹೋಗಿ ಬರೀ ಹೊತ್ತು.
ಸಾವಿನ ಜಾಗಕ್ಕೆ ಏನಿಡುವುದು?
ಬೀಡಿ ಮುಗಿಯಿತು, ಟೀ ಆರಿತು,
ಕೊನೆಗೆ ಆ ಸಾಲನ್ನೇ ಬಿಟ್ಟೆವು.
ಸುರಂಗವನ್ನು ಮಾತ್ರ ಮುಟ್ಟಬೇಡಿ ಅಂದಳು ಅವಳೇ,
ಅಲ್ಲಿ ಸೀಟಿ ಇರಲಿ, ಗಾಳಿ ಬರುತ್ತಿದ್ದುದೇ ಹಾಗೆ.

ನನ್ನ ಬೆರಳ ತುದಿಗೆ ಸಕ್ಕರೆ ಕಾಯಿಲೆ.
ಬೇಸ್ ಗಿಟಾರಿನ ತಂತಿ ಎಲ್ಲಿದೆಯೆಂದು
ಕಿವಿಯಲ್ಲಿ ತಡಕುತ್ತೇನೆ.

ಬೇತಮಂಗಲದ ಯತಿರಾಜ, ಮದುವೆ ವಿಡಿಯೋದ ಹುಡುಗ,
ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕೇಳುತ್ತಾನೆ:
‘ಕ್ಯಾಸೆಟ್ಟಲ್ಲಿ ನೂರ ನಲವತ್ತಿತ್ತು ಅಂಕಲ್ ಸ್ಪೀಡು,
ಈಗ ನೂರ ಹದಿನಾರು.
ಸ್ವಲ್ಪ ಓಡಿಸ್ಲಾ? ಯಾರಿಗೂ ಗೊತ್ತಾಗಲ್ಲ.’
ಮರ್ವಿನ್ ಮಾತಾಡಲಿಲ್ಲ.
ಗಿಟಾರಿನ ಕಿವಿ ಹಿಂಡುತ್ತಿದ್ದ.

ಮಾರನೆಯ ದಿನ ಕೇಳಿದರೆ
ಒಂಬತ್ತೂ ಹಾಡು ದಡಕ್ಕನೆ ಶುರು.
‘ಮೊದಲಿನ ಟಕ್ ಟಕ್ ಕತ್ತರಿಸಿದೆ. ನಾಯ್ಸ್ ಅಲ್ವಾ?’

ಆರೋಕ್ಯಂ ಡ್ರಮ್ಮು ಬಿಟ್ಟು ಎದ್ದ.
ಇಪ್ಪತ್ತು ವರ್ಷ ಚಾಂಪಿಯನ್ ರೀಫಿನ ಬಾವಿಯ ಬಾಯಲ್ಲಿ
ಪಂಜರಕ್ಕೆ ಗಂಟೆ ಹೊಡೆದ ಕೈ.
ಒಲೆಯ ಕಬ್ಬಿಣದ ಬಾಗಿಲಿಗೆ ಕೋಲಿನಿಂದ ಹೊಡೆದು ತೋರಿಸಿದ:
ಒಂದು, ನಿಲ್ಲಿಸು.
ಎರಡು, ಇಳಿಸು.
ಮೂರು ಹೊಡೆದರೆ
ಒಳಗಿರುವುದು ಕಲ್ಲಲ್ಲಪ್ಪ, ಮನುಷ್ಯರು,
ನಿಧಾನ.

ಹುಡುಗ ಬಹಳ ಹೊತ್ತು ಬಾಗಿಲನ್ನೇ ನೋಡಿದ.
‘ಒಂಬತ್ತಕ್ಕೂ ವಾಪಸ್ ಹಾಕ್ತೀನಿ.’
‘ಆರನೇದಕ್ಕೆ ಬೇಡ’ ಅಂದ ಆರೋಕ್ಯಂ,
‘ಅವತ್ತು ಪಂಜರ ಖಾಲಿ ಬಂತು.’

ಫಿಲೋಮಿನಾ ಹಲ್ಲು ತೆಗೆದು
ನೀರಿನ ಲೋಟಕ್ಕೆ ಹಾಕಿದಳು.
ಆರನೆಯದನ್ನು ಇನ್ನೊಂದು ಸಲ ಹಾಡುತ್ತೇನೆ,
ಬಿಟ್ಟ ಸಾಲನ್ನೂ ಸೇರಿಸಿ,
ಅಂದಳು.